ಗಾಯ ಕಾಣದಿದ್ದರೂ ಅದು ಹಾನಿಯೇ

ಮಗುವಿನ ಮೈಮೇಲೆ ಬಾಸುಂಡೆ ಕಂಡರೆ ನೆರೆಯವರು ಪ್ರಶ್ನಿಸುತ್ತಾರೆ. ಪಿಂಚಣಿಯ ದಿನ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಹಣವನ್ನು ಜೇಬಿಗಿಳಿಸುವ ಮೊಮ್ಮಗನನ್ನು ಸಾಮಾನ್ಯವಾಗಿ ಯಾರೂ ಪ್ರಶ್ನಿಸುವುದಿಲ್ಲ. ಎರಡೂ ಹಾನಿಯೇ ಎಂಬುದನ್ನು ಒಪ್ಪಲು ನಮಗೆ ತಡವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು ಹಾನಿಯನ್ನು ಹೊಡೆತಕ್ಕೆ ಸೀಮಿತಗೊಳಿಸಿಲ್ಲ. ಲೈಂಗಿಕ ದೌರ್ಜನ್ಯ, ಮಾನಸಿಕ ಹಿಂಸೆ, ನಿರ್ಲಕ್ಷ್ಯಗಳೂ ಅದರೊಳಗೆ ಬರುತ್ತವೆ. ವೃದ್ಧರ ವಿಷಯದಲ್ಲಿ ಹಣಕಾಸಿನ ಶೋಷಣೆಯೂ ಸೇರುತ್ತದೆ.

ಇವುಗಳಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು ನಿರ್ಲಕ್ಷ್ಯ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನ ಪ್ರಕಾರ, ಮಗುವಿನ ಹೊಣೆ ಹೊತ್ತವರು ಅದಕ್ಕೆ ಅನಗತ್ಯ ದೈಹಿಕ ಅಥವಾ ಮಾನಸಿಕ ಯಾತನೆಯಾಗುವಂತೆ ಬೇಕೆಂದೇ ನಿರ್ಲಕ್ಷಿಸಿದರೆ ಅದು ಅಪರಾಧ; ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಇಲ್ಲಿ ‘ಬೇಕೆಂದೇ’ ಎಂಬ ಪದವೇ ಮುಖ್ಯ. ಕೂಲಿ ಸಿಗದ ದಿನ ಮಗುವಿಗೆ ಅರೆಹೊಟ್ಟೆಯ ಊಟವನ್ನಷ್ಟೇ ಬಡಿಸಬಲ್ಲ ತಾಯಿ ಅಪರಾಧಿಯಲ್ಲ. ಆಕೆಗೆ ಬೇಕಾದದ್ದು ನೆರವು. ಕೈಯಲ್ಲಿ ಹಣವಿದ್ದೂ ಜ್ವರದ ಮಗುವನ್ನು ಆಸ್ಪತ್ರೆಗೆ ಒಯ್ಯದವರ ಸಂಗತಿ ಬೇರೆ. ಬಡತನವನ್ನು ಕ್ರೌರ್ಯವೆಂದು ತಿಳಿಯುವುದು ಸಹ ಅನ್ಯಾಯವೇ.

ಲೈಂಗಿಕ ದೌರ್ಜನ್ಯದಲ್ಲಿ ಸ್ಪರ್ಶದ ಸ್ವರೂಪಕ್ಕಿಂತ ಉದ್ದೇಶ ಮುಖ್ಯ. ಬಟ್ಟೆಯ ಮೇಲಿಂದ ಮುಟ್ಟಿದ್ದು ಪೋಕ್ಸೊ ಕಾಯ್ದೆಯ ಲೈಂಗಿಕ ಹಲ್ಲೆಯಲ್ಲ ಎಂಬ ಬಾಂಬೆ ಹೈಕೋರ್ಟಿನ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು 2021ರ ನವೆಂಬರಿನಲ್ಲಿ ರದ್ದುಗೊಳಿಸಿತು. ಶಾಲೆಯಲ್ಲಿ ದೈಹಿಕ ಶಿಕ್ಷೆಯಂತೆಯೇ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ‘ದಡ್ಡ’ ಎಂದು ತರಗತಿಯ ಮುಂದೆ ದಿನವೂ ಹೀಯಾಳಿಸುವುದು ಶಿಸ್ತಲ್ಲ.

ವಯಸ್ಕರಲ್ಲಿ ಪರಾವಲಂಬನೆಯೇ ಅಪಾಯದ ಮೂಲ. ಮಾನಸಿಕ ಅಸ್ವಸ್ಥರನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸುತ್ತದೆ. ‘ಓಡಿಹೋಗದಿರಲಿ ಎಂದು ಕಟ್ಟಿದೆವು’ ಎಂಬ ಸದುದ್ದೇಶದ ಮಾತು ಅಲ್ಲಿ ಸಮರ್ಥನೆಯಾಗದು. ಹಿರಿಯರನ್ನು ತೊರೆದುಬಿಡುವುದು 2007ರ ಕಾಯ್ದೆಯಡಿ ಅಪರಾಧ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಮಾತು ತಪ್ಪಿದವರ ದಾನಪತ್ರವನ್ನು ಅದೇ ಕಾಯ್ದೆಯ 23ನೇ ಕಲಮಿನಡಿ ಅನೂರ್ಜಿತಗೊಳಿಸಬಹುದು. ನಮ್ಮ ರಾಜ್ಯದಲ್ಲಿ ಅರ್ಜಿ ಉಪವಿಭಾಗಾಧಿಕಾರಿಗೆ ಸಲ್ಲುತ್ತದೆ. ಆದರೆ ಷರತ್ತು ಇತ್ತೆಂಬುದನ್ನು ತೋರಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಹೇಳಿದೆ. ಆದ್ದರಿಂದ ಮಕ್ಕಳ ಮೇಲಿನ ಮಮತೆ ಎಷ್ಟೇ ಇರಲಿ, ಷರತ್ತನ್ನು ಪತ್ರದಲ್ಲಿ ಬರೆಸುವುದು ಜಾಣತನ.

ಸಂಶಯ ಬಂದವರು ಸಾಕ್ಷ್ಯ ಕೂಡುವವರೆಗೆ ಕಾಯಬೇಕೇ? ಬೇಕಿಲ್ಲ. ತನಿಖೆ ಪೊಲೀಸರ ಕೆಲಸ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ಗೊತ್ತಿದ್ದೂ ಪೊಲೀಸರಿಗೆ ತಿಳಿಸದ ವಯಸ್ಕರಿಗೆ ಪೋಕ್ಸೊ ಅಡಿಯಲ್ಲಿ ಆರು ತಿಂಗಳವರೆಗೆ ಸಜೆಯಾಗಬಹುದು. ಸದ್ಭಾವನೆಯಿಂದ ತಿಳಿಸಿದವರಿಗೆ ಅದೇ ಕಾಯ್ದೆ ರಕ್ಷಣೆ ನೀಡುತ್ತದೆ. ಮಕ್ಕಳಿಗಾಗಿ 1098, ಹಿರಿಯರಿಗಾಗಿ 14567 ಸಂಖ್ಯೆಗೆ ಕರೆ ಮಾಡಬಹುದು.