ತಲೆಬುರುಡೆಯನ್ನು ದಾಟುವ ಗಡ್ಡೆ

ಮಿದುಳಿಗೆ ಪ್ರಕೃತಿಯು ಇಟ್ಟಿರುವ ಕಾವಲು ಬಹು ಭದ್ರವಾದುದು. ಹೊರಗೆ ಗಟ್ಟಿಯಾದ ತಲೆಬುರುಡೆ. ಒಳಗೆ ಒಂದರಡಿ ಒಂದರಂತೆ ಮೂರು ಪೊರೆಗಳು. ಆದರೆ ಕಾಯಬೇಕಾದ ಈ ಪೊರೆಗಳಲ್ಲಿಯೇ ಒಮ್ಮೊಮ್ಮೆ ಗಡ್ಡೆ ಹುಟ್ಟುವುದುಂಟು. ಅಮೆರಿಕದ ಪ್ರಸಿದ್ಧ ಶಸ್ತ್ರವೈದ್ಯ ಹಾರ್ವೆ ಕುಷಿಂಗ್ 1922ರಲ್ಲಿ ಅದಕ್ಕೆ ‘ಮೆನಿಂಜಿಯೋಮ’ ಎಂದು ಹೆಸರಿಟ್ಟನು.

ಹೆಸರು ಕೇಳಿ ಯಾರೂ ಎದೆಗುಂದಬೇಕಾಗಿಲ್ಲ. ಇವುಗಳಲ್ಲಿ ಬಹುಪಾಲು ಸೌಮ್ಯವಾದವು, ಮೆಲ್ಲಮೆಲ್ಲನೆ ಬೆಳೆಯತಕ್ಕವು. ಆದರೂ ಇದರ ನೆನಪು ದೀರ್ಘವಾದುದು. ಸೇನಾನಿ ಲಿಯೊನಾರ್ಡ್ ವುಡ್‌ನ ತಲೆಯಿಂದ 1910ರಲ್ಲಿ ಕುಷಿಂಗ್ ತೆಗೆದ ಗಡ್ಡೆ ಮತ್ತೆ ಬೆಳೆಯಿತು. 1927ರಲ್ಲಿ ಮರಳಿ ಶಸ್ತ್ರಚಿಕಿತ್ಸೆಯಾದ ಬಳಿಕ ಆತನು ತೀರಿಕೊಂಡನು.

ವೈದ್ಯರು ಈ ಗಡ್ಡೆಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸುತ್ತಾರೆ. ಮೂರನೆಯದು ಉಗ್ರವಾದುದು; ತೆಗೆದರೂ ಮರಳಿ ಚಿಗುರುವುದು ಅದರ ಸ್ವಭಾವ. ತೀರ ವಿರಳವಾಗಿ, ಒಟ್ಟು ಮೆನಿಂಜಿಯೋಮಗಳಲ್ಲಿ ಸುಮಾರು ಸಾವಿರಕ್ಕೊಂದರಷ್ಟು, ಗಡ್ಡೆಯು ತಲೆಬುರುಡೆಯನ್ನೂ ದಾಟಿ ದೇಹದ ಬೇರೆಡೆ ಬೇರೂರುತ್ತದೆ. ಹಾಗೆ ದಾಟುವವುಗಳಲ್ಲಿ ಉಗ್ರ ದರ್ಜೆಯವೇ ಹೆಚ್ಚು.

ಇಷ್ಟು ಭದ್ರವಾದ ಕೋಟೆಯಿಂದ ಅದು ಹೊರಬೀಳುವುದೆಂತು? ಮಿದುಳಿನ ಹೊರಪೊರೆಯ ಮಡಿಕೆಗಳಲ್ಲಿ ರಕ್ತದ ದೊಡ್ಡ ಕಾಲುವೆಗಳಿವೆ. ಗಡ್ಡೆಯ ಜೀವಕೋಶಗಳು ಅವುಗಳೊಳಗೆ ನುಗ್ಗಿದರೆ ಕತ್ತಿನ ಅಭಿಧಮನಿಯಲ್ಲಿಳಿದು ಹೃದಯವನ್ನು ಸೇರುತ್ತವೆ. ಮುಂದಿನ ದಾರಿಯನ್ನು ನಮ್ಮ ಬೀರೂರಿನವರು ಸುಲಭವಾಗಿ ಊಹಿಸಿಕೊಳ್ಳಬಹುದು. ಬೆಂಗಳೂರಿನಿಂದ ಶಿವಮೊಗ್ಗೆಗೆ ಹೊರಟ ರೈಲು ಬೀರೂರು ಜಂಕ್ಷನ್ನನ್ನು ಮುಟ್ಟದೆ ಕವಲುದಾರಿ ಹಿಡಿಯಲಾರದಷ್ಟೆ. ಹಾಗೆಯೇ ಹೃದಯಕ್ಕೆ ಬಂದ ಈ ರಕ್ತವು ಶ್ವಾಸಕೋಶವನ್ನು ಹಾಯ್ದೇ ಬೇರೆ ಅಂಗಗಳಿಗೆ ಹರಿಯಬೇಕು. ಆದುದರಿಂದಲೇ ದಾಟಿದ ಗಡ್ಡೆ ಹೆಚ್ಚಾಗಿ ಶ್ವಾಸಕೋಶದಲ್ಲಿ ನೆಲೆಯೂರುತ್ತದೆ. ಯಕೃತ್ತು, ಮೂಳೆ, ದುಗ್ಧಗ್ರಂಥಿಗಳಲ್ಲಿಯೂ ಕಾಣಿಸಿಕೊಳ್ಳುವುದುಂಟು.

ತೊಡಕಿರುವುದು ಇಲ್ಲಿಯೇ. ತಲೆಯ ಶಸ್ತ್ರಚಿಕಿತ್ಸೆಯಾಗಿ ಎಷ್ಟೋ ವರ್ಷಗಳು ಕಳೆದಿರುತ್ತವೆ. ಕೆಮ್ಮೆಂದು ಎದೆಯ ಚಿತ್ರ ತೆಗೆಸಿದಾಗ ಅಲ್ಲೊಂದು ಕಲೆ ಕಾಣುತ್ತದೆ. ಅದು ಕ್ಷಯವೊ, ಹೊಸ ಕ್ಯಾನ್ಸರೊ, ಹಳೆಯ ಗಡ್ಡೆಯ ಕುಡಿಯೊ? ಚಿತ್ರವೊಂದೇ ಹೇಳಲಾರದು. ಕಲೆಯಿಂದ ತುಣುಕೊಂದನ್ನು ತೆಗೆದು, ಹಳೆಯ ಗಡ್ಡೆಯ ತುಣುಕಿನೊಡನೆ ಹೋಲಿಸಿ ನೋಡಬೇಕು. ಚಿಕಿತ್ಸೆಯ ದಾರಿ ಈ ಉತ್ತರವನ್ನೇ ಅವಲಂಬಿಸಿದೆ. ಸಾಧ್ಯವಿದ್ದಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ, ವಿಕಿರಣ ಕೊಡುತ್ತಾರೆ. ಖಚಿತವಾಗಿ ಗುಣಪಡಿಸುವ ಔಷಧಿ ಇನ್ನೂ ದೊರೆತಿಲ್ಲ.

1974ರಲ್ಲಿ ರೂಪುಗೊಂಡ ನಿಮ್ಹಾನ್ಸ್‌ನಂಥ ಸಂಸ್ಥೆ ಬೆಂಗಳೂರಿನಲ್ಲಿರುವುದು ನಾಡಿನ ಭಾಗ್ಯ. ಆದರೆ ಅಲ್ಲಿಂದ ಗುಣಹೊಂದಿ ಊರಿಗೆ ಮರಳಿದವರ ಮನೆಯವರಿಗೂ ಒಂದು ಹೊಣೆಯುಂಟು. ಆಸ್ಪತ್ರೆಯ ಕಾಗದಗಳನ್ನು ಮನೆಯ ಪತ್ರದಷ್ಟೇ ಜೋಪಾನವಾಗಿಡಬೇಕು. ಗೊತ್ತುಪಡಿಸಿದ ದಿನ ತಪ್ಪದೆ ಪರೀಕ್ಷೆಗೆ ಹೋಗಬೇಕು. ಯಾವ ವೈದ್ಯರ ಬಳಿ ಹೋದರೂ ಹಿಂದಿನ ಗಡ್ಡೆಯ ಸಂಗತಿಯನ್ನು ಮೊದಲೇ ತಿಳಿಸಬೇಕು. ವಿರಳವಾದ ರೋಗವನ್ನು ವೈದ್ಯರು ಸಕಾಲದಲ್ಲಿ ಗುರುತಿಸಲು ಎಷ್ಟೋ ವೇಳೆ ಇಂಥ ಒಂದು ಮಾತೇ ಸಾಕಾಗುತ್ತದೆ.