ಇಂಗ್ಲಿಷ್ ಅರ್ಜಿ ನಮೂನೆಗಳಲ್ಲಿನ ಕ್ಲಿಷ್ಟ ವಾಕ್ಯಗಳನ್ನು ಅರ್ಥ ಮಾಡಿಕೊಳ್ಳುವ ಬಗೆ

ಕರ್ನಾಟಕ ರಾಜಭಾಷಾ ಅಧಿನಿಯಮ, 1963ರ ಮೇರೆಗೆ ಕನ್ನಡವು ರಾಜ್ಯದ ಆಡಳಿತ ಭಾಷೆಯಾಗಿದ್ದರೂ, ಬ್ಯಾಂಕು, ವಿಮೆ, ಪಾಸ್‌ಪೋರ್ಟ್ ಹಾಗೂ ಕೇಂದ್ರ ಸರ್ಕಾರದ ನೇಮಕಾತಿಗಳಿಗೆ ಸಂಬಂಧಿಸಿದ ಅನೇಕ ನಮೂನೆಗಳು ಮತ್ತು ಸೂಚನೆಗಳು ಇಂಗ್ಲಿಷಿನಲ್ಲಿ ಇರುತ್ತವೆ. ಇಂತಹ ಸೂಚನೆಯ ಪ್ರತಿಯೊಂದು ಪದದ ಅರ್ಥ ತಿಳಿದಿದ್ದರೂ ಇಡೀ ವಾಕ್ಯದ ಅರ್ಥವನ್ನು ತಪ್ಪಾಗಿ ಗ್ರಹಿಸುವುದು ಸಾಧ್ಯ. ಹಾಗೆ ಗ್ರಹಿಸಿ ಸಲ್ಲಿಸಿದ ಅರ್ಜಿಯು ತಿರಸ್ಕೃತವಾದಲ್ಲಿ, ಅರ್ಜಿದಾರರು ಶುಲ್ಕವನ್ನೂ ಅವಕಾಶವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ಇದಕ್ಕೆ ಪದಗಳ ಕೊರತೆಗಿಂತ ಎರಡೂ ಭಾಷೆಗಳ ವಾಕ್ಯರಚನೆಯಲ್ಲಿರುವ ಭೇದವೇ ಹೆಚ್ಚಿನ ಕಾರಣವಾಗಿರುತ್ತದೆ.

ಕನ್ನಡ ವಾಕ್ಯದಲ್ಲಿ ಷರತ್ತು, ಕಾಲ, ಸ್ಥಳ ಇವೆಲ್ಲವೂ ಮೊದಲು ಬಂದು, ಮುಖ್ಯ ಕ್ರಿಯಾಪದವು ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದವು ಕರ್ತೃಪದದ ನಂತರ ಬರುತ್ತದೆ; ಷರತ್ತುಗಳು ಅದರ ಹಿಂದೆ, ಮುಂದೆ ಅಥವಾ ನಡುವೆ ಎಲ್ಲಿಯಾದರೂ ಇರಬಹುದು. ಆದ್ದರಿಂದ ವಾಕ್ಯವನ್ನು ಮೊದಲ ಪದದಿಂದ ಒಂದೊಂದಾಗಿ ಅನುವಾದಿಸುತ್ತಾ ಹೋಗುವುದಕ್ಕಿಂತ, ಮುಖ್ಯ ಕ್ರಿಯಾಪದ ಯಾವುದೆಂಬುದನ್ನು ಮೊದಲು ಗುರುತಿಸಿ, ನಂತರ ಯಾರು, ಏನು, ಯಾವಾಗ ಎಂಬುದನ್ನು ಹುಡುಕುವುದು ಸೂಕ್ತ.

ಉದಾಹರಣೆಗೆ, 'ಅಪ್ಲಿಕೇಷನ್ಸ್ ರಿಸೀವ್ಡ್ ಆಫ್ಟರ್ ದ ಲಾಸ್ಟ್ ಡೇಟ್ ವಿಲ್ ಬಿ ರಿಜೆಕ್ಟೆಡ್' ಎಂಬ ವಾಕ್ಯವನ್ನು ಪರಿಶೀಲಿಸಬಹುದು. 'ರಿಸೀವ್ಡ್' ಎಂಬಲ್ಲಿಗೆ ಬರುವ ಓದುಗರು 'ಅರ್ಜಿಗಳು ಸ್ವೀಕೃತವಾದವು' ಎಂದು ಭಾವಿಸುತ್ತಾರೆ. ಮುಂದೆ 'ರಿಜೆಕ್ಟೆಡ್' ಎಂಬ ಪದ ಬಂದಾಗ ಗೊಂದಲವುಂಟಾಗುತ್ತದೆ. ಇಲ್ಲಿ 'ರಿಸೀವ್ಡ್' ಎಂಬುದು ವಾಕ್ಯದ ಮುಖ್ಯ ಕ್ರಿಯಾಪದವಲ್ಲ, ಅರ್ಜಿಗಳಿಗೆ ವಿಶೇಷಣ ಮಾತ್ರ. 'ಕೊನೆಯ ದಿನಾಂಕದ ನಂತರ ಸ್ವೀಕೃತವಾದ ಅರ್ಜಿಗಳನ್ನು ತಿರಸ್ಕರಿಸಲಾಗುವುದು' ಎಂಬುದೇ ಇದರ ಅರ್ಥ. ಕನ್ನಡದಲ್ಲಿ 'ಸ್ವೀಕೃತವಾದವು' ಮತ್ತು 'ಸ್ವೀಕೃತವಾದ' ಎಂಬ ರೂಪಗಳು ಬೇರೆಯಾಗಿರುವುದರಿಂದ ಈ ತೊಡಕು ಇಲ್ಲ. ಇಂಗ್ಲಿಷಿನಲ್ಲಿ ಇವೆರಡಕ್ಕೂ ಒಂದೇ ರೂಪ. 'ವಿಲ್', 'ಶಲ್', 'ಮೇ', 'ಮಸ್ಟ್', 'ಈಸ್', 'ಆರ್' ಮುಂತಾದ ಸಹಾಯಕ ಪದಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದುಕೊಂಡಲ್ಲಿ ಮುಖ್ಯ ಕ್ರಿಯಾಪದವು ಬಹುಮಟ್ಟಿಗೆ ಕಾಣಸಿಗುತ್ತದೆ. ಇದೇ ವಾಕ್ಯದಲ್ಲಿ ಇನ್ನೊಂದು ಅಂಶವನ್ನೂ ಗಮನಿಸತಕ್ಕದ್ದು. ಲೆಕ್ಕಕ್ಕೆ ಬರುವುದು ಅರ್ಜಿಯು ಕಛೇರಿಗೆ ತಲುಪಿದ ದಿನವೇ ಹೊರತು ಅಂಚೆಗೆ ಹಾಕಿದ ದಿನವಲ್ಲ.

ನಿಷೇಧಾರ್ಥಕ ವಾಕ್ಯಗಳು ಇನ್ನೂ ಹೆಚ್ಚು ತೊಡಕಿನವು. 'ನೋ ಅಪ್ಲಿಕೇಷನ್ ಶಲ್ ಬಿ ಅಕ್ಸೆಪ್ಟೆಡ್ ಅನ್‌ಲೆಸ್ ಇಟ್ ಈಸ್ ಸೈನ್ಡ್' ಎಂಬ ಸೂಚನೆಯ ಅರ್ಥ 'ಸಹಿ ಮಾಡದ ಹೊರತು ಯಾವುದೇ ಅರ್ಜಿಯನ್ನು ಸ್ವೀಕರಿಸತಕ್ಕದ್ದಲ್ಲ' ಎಂದು. ಕನ್ನಡದಲ್ಲಿ 'ಮಾಡದ' ಎಂದು ನಿಷೇಧವನ್ನು ಬಿಡಿಸಿ ಹೇಳುತ್ತೇವೆ; ಇಂಗ್ಲಿಷಿನಲ್ಲಿ ಆ ನಿಷೇಧವು 'ಅನ್‌ಲೆಸ್' ಪದದೊಳಗೆ ಅಡಗಿದೆ. ಆದ್ದರಿಂದಲೇ ಇಂಗ್ಲಿಷ್ ಕಲಿಯುವ ಕನ್ನಡಿಗರು 'ಅನ್‌ಲೆಸ್' ನಂತರ ಅನಗತ್ಯವಾಗಿ ಮತ್ತೊಂದು 'ನಾಟ್' ಸೇರಿಸಿ ಬರೆಯುವುದುಂಟು; ಆಗ ಅರ್ಥವು ತಲೆಕೆಳಗಾಗುತ್ತದೆ. ಓದುವಾಗ 'ಅನ್‌ಲೆಸ್' ಇದ್ದಲ್ಲಿ 'ಇಫ್ ನಾಟ್' ಎಂದು ಬದಲಿಸಿಕೊಂಡರೆ ಸಂದೇಹ ನಿವಾರಣೆಯಾಗುತ್ತದೆ. ಹಾಗೆಯೇ 'ನಾಟ್ ಲೆಸ್ ದ್ಯಾನ್ 18 ಇಯರ್ಸ್' ಎಂದರೆ 18 ವರ್ಷ ತುಂಬಿದವರೂ ಅರ್ಹರು. 'ನಾಟ್ ಲೇಟರ್ ದ್ಯಾನ್' ಎಂದು ಯಾವುದಾದರೂ ದಿನಾಂಕ ನೀಡಿದ್ದಲ್ಲಿ ಆ ದಿನವೂ ಅವಧಿಯೊಳಗೇ ಸೇರುತ್ತದೆ.

ಪರಿಚಿತ ಪದವು ಅಪರಿಚಿತ ಅರ್ಥದಲ್ಲಿ ಬರುವುದು ಮತ್ತೊಂದು ಕಾರಣ. ಶಾಲಾ ವ್ಯಾಕರಣದಲ್ಲಿ 'ಶಲ್' ಎಂಬುದು ಭವಿಷ್ಯತ್ಕಾಲವನ್ನು ಸೂಚಿಸುತ್ತದೆ. ಕಾನೂನಿನ ಭಾಷೆಯಲ್ಲಿ ಅದು ಸಾಮಾನ್ಯವಾಗಿ ಕರ್ತವ್ಯವನ್ನು, ಅಂದರೆ ಕನ್ನಡದ 'ತಕ್ಕದ್ದು' ಎಂಬುದನ್ನು ಸೂಚಿಸುತ್ತದೆ. 'ಪ್ರೊವೈಡೆಡ್' ಎಂಬುದನ್ನು 'ಒದಗಿಸಲಾಯಿತು' ಎಂದು ಓದಿದವರಿಗೆ 'ಪ್ರೊವೈಡೆಡ್ ದಟ್' ಎಂದು ಆರಂಭವಾಗುವ ವಾಕ್ಯವು ಎಷ್ಟು ಸಲ ಓದಿದರೂ ತಿಳಿಯದು. ಅದು ಕನ್ನಡ ಕಾಯ್ದೆಗಳಲ್ಲಿ ಬರುವ 'ಪರಂತು' ಎಂಬ ಪದಕ್ಕೆ ಸಮಾನ. 'ಸೇವ್ ಆ್ಯಸ್' ಎಂಬಲ್ಲಿ ಉಳಿತಾಯದ ಮಾತಿಲ್ಲ, 'ಹೊರತುಪಡಿಸಿ' ಎಂದರ್ಥ. 'ಸಬ್ಜೆಕ್ಟ್ ಟು' ಎಂದಿದ್ದಲ್ಲಿ ಮುಂದೆ ಹೇಳಿದ ನಿಯಮವೇ ಮೇಲು. 'ನಾಟ್‌ವಿತ್‌ಸ್ಟ್ಯಾಂಡಿಂಗ್' ಎಂದಿದ್ದಲ್ಲಿ ಅದರ ಬೆನ್ನಿಗೆ ಹೇಳಿದ ನಿಯಮವನ್ನು ಬದಿಗಿಟ್ಟು ಓದತಕ್ಕದ್ದು.

ಮಾಹಿತಿ ಹಕ್ಕು ಅಧಿನಿಯಮ, 2005ರ 7(1)ನೇ ಪ್ರಕರಣವನ್ನು ಇಂಗ್ಲಿಷಿನಲ್ಲಿ ಓದಿದಲ್ಲಿ ಈ ತೊಡಕುಗಳಲ್ಲಿ ಹಲವು ಒಂದೇ ಕಡೆ ದೊರೆಯುತ್ತವೆ. ಇತರ ಪ್ರಕರಣಗಳಿಗೆ ಒಳಪಟ್ಟು ಎಂಬ ಮಾತು ಮೊದಲಿಗೆ ಬರುತ್ತದೆ. ಮಾಹಿತಿ ಅಧಿಕಾರಿಯ ಹೆಸರಿನ ನಂತರ 'ಶಲ್' ಬಂದರೂ, ಅಧಿಕಾರಿಯು ಮಾಡತಕ್ಕದ್ದೇನು ಎಂಬುದು 30 ದಿನಗಳ ಅವಧಿ, ಶುಲ್ಕ ಮುಂತಾದ ವಿವರಗಳನ್ನು ದಾಟಿದ ಮೇಲಷ್ಟೇ ತಿಳಿಯುತ್ತದೆ. ಈ ನಡುವಿನ ಭಾಗವನ್ನು ತಾತ್ಕಾಲಿಕವಾಗಿ ಬಿಟ್ಟು ಓದಿದರೆ, ಅಧಿಕಾರಿಯು ಮಾಹಿತಿಯನ್ನು ಒದಗಿಸತಕ್ಕದ್ದು ಅಥವಾ ನಿಗದಿತ ಕಾರಣಗಳಿಗಾಗಿ ಕೋರಿಕೆಯನ್ನು ತಿರಸ್ಕರಿಸತಕ್ಕದ್ದು ಎಂಬ ತಿರುಳು ಸ್ಪಷ್ಟವಾಗುತ್ತದೆ. ನಂತರದ ಪರಂತುಕವು, ಮಾಹಿತಿಯು ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದರೆ ಅವಧಿಯನ್ನು 48 ಗಂಟೆಗಳಿಗೆ ಇಳಿಸುತ್ತದೆ. 'ಪ್ರೊವೈಡೆಡ್' ಪದವನ್ನು ತಪ್ಪಾಗಿ ಓದಿದವರಿಗೆ ಈ ಹಕ್ಕು ಇರುವುದೇ ತಿಳಿಯುವುದಿಲ್ಲ.

ವಾಕ್ಯವೇ ದ್ವಂದ್ವಾರ್ಥದಿಂದ ಕೂಡಿರುವುದೂ ಉಂಟು. ದಾಖಲೆಗಳ ಪಟ್ಟಿಯಲ್ಲಿ ಮೂರು ದಾಖಲೆಗಳನ್ನು ಹೆಸರಿಸಿ, ಮೊದಲೆರಡರ ನಡುವೆ 'ಆರ್' ಎಂದೂ ಕೊನೆಯೆರಡರ ನಡುವೆ 'ಆ್ಯಂಡ್' ಎಂದೂ ಇದ್ದಲ್ಲಿ, ಮೂರನೆಯದು ಎಲ್ಲರಿಗೂ ಕಡ್ಡಾಯವೇ ಅಥವಾ ಎರಡನೆಯದನ್ನು ನೀಡುವವರಿಗೆ ಮಾತ್ರವೇ ಎಂಬುದು ವ್ಯಾಕರಣದಿಂದ ನಿರ್ಣಯವಾಗದು. ಇದು ಬರೆದವರ ಲೋಪವೇ ಹೊರತು ಓದುಗರ ಅಜ್ಞಾನವಲ್ಲ. ಇಂತಹ ಸಂದರ್ಭದಲ್ಲಿ ಮೂರೂ ದಾಖಲೆಗಳ ಪ್ರತಿಗಳನ್ನು ಲಗತ್ತಿಸುವುದು, ಅದು ಸಾಧ್ಯವಿಲ್ಲದಿದ್ದಲ್ಲಿ ಸಂಬಂಧಪಟ್ಟ ಕಛೇರಿಯಿಂದ ಮುಂಚಿತವಾಗಿ ಲಿಖಿತ ಸ್ಪಷ್ಟೀಕರಣ ಪಡೆಯುವುದು ಕ್ಷೇಮಕರ.

ಮಾಹಿತಿ ಹಕ್ಕು ಅಧಿನಿಯಮದ 6(1)ನೇ ಪ್ರಕರಣದ ಮೇರೆಗೆ ಮಾಹಿತಿ ಕೋರಿಕೆಯನ್ನು ಇಂಗ್ಲಿಷ್, ಹಿಂದಿ ಅಥವಾ ಆಯಾ ಪ್ರದೇಶದ ಅಧಿಕೃತ ಭಾಷೆಯಲ್ಲಿ ಸಲ್ಲಿಸಬಹುದಾಗಿದ್ದು, ಕರ್ನಾಟಕದಲ್ಲಿ ಅರ್ಜಿದಾರರು ಅದನ್ನು ಕನ್ನಡದಲ್ಲಿಯೇ ಬರೆದು ಕೊಡಬಹುದು. ಬರೆಯಲು ಅಸಮರ್ಥರಾದವರು ಮೌಖಿಕವಾಗಿ ಕೋರಿದಲ್ಲಿ, ಅದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯು ಸೂಕ್ತ ನೆರವು ನೀಡತಕ್ಕದ್ದು.