ನಿಮಗಿದು ಗೊತ್ತೆ? ಕ್ಯಾಮೆರಾ ಸೆನ್ಸರ್‌ಗೆ ಬಣ್ಣವೇ ಕಾಣದು!
ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಬಣ್ಣಗುರುಡು. ಬಿದ್ದ ಬೆಳಕು ಎಷ್ಟು ಎಂಬುದಷ್ಟೇ ಅದಕ್ಕೆ ಗೊತ್ತು. ಅದರ ಮೇಲೆ ಬಣ್ಣದ ಫಿಲ್ಟರ್‌ಗಳ ಹಾಸು ಇರುತ್ತದೆ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇಂದಿಗೂ ಬಹುಪಾಲು ಕ್ಯಾಮೆರಾಗಳಲ್ಲಿದೆ: ಪ್ರತಿ ನಾಲ್ಕು ಚುಕ್ಕಿಗಳಲ್ಲಿ (ಪಿಕ್ಸೆಲ್) ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಪ್ರತಿ ಚುಕ್ಕಿ ಅಳೆಯುವುದು ಒಂದೇ ಬಣ್ಣ. ಉಳಿದೆರಡು ಅಕ್ಕಪಕ್ಕದ ಚುಕ್ಕಿಗಳಿಂದ ಹಾಕಿದ ಅಂದಾಜು. ಆ ಅಳತೆಯನ್ನು ಹಾಗೆಯೇ ಉಳಿಸಿದರೆ ಅದು ರಾ ಫೈಲ್. ಅಂದಾಜನ್ನು ಕ್ಯಾಮೆರಾವೇ ಮುಗಿಸಿ, ಬೇಡವೆನಿಸಿದ್ದನ್ನು ಎಸೆದರೆ ಜೆಪೆಗ್. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾನಲ್ಲಿ 16,384! ಮದುಮಗಳ ಮುಡಿಯ ಮಲ್ಲಿಗೆಯನ್ನೇ ನೋಡಿ. ಜೆಪೆಗ್‌ನಲ್ಲಿ ಎಸಳುಗಳೆಲ್ಲ ಕಲೆತು ಬಿಳಿ ಮುದ್ದೆಯಾದದ್ದು, ರಾನಲ್ಲಿ ಎಷ್ಟೋ ಸಲ ಎಸಳೆಸಳಾಗಿ ಮರಳಿ ಸಿಗುತ್ತದೆ. ಹಾಗಾಗಿ ದುಬಾರಿ ಕ್ಯಾಮೆರಾ ಕೊಳ್ಳುವ ಮುನ್ನ ಕೈಲಿರುವುದರ ಸೆಟ್ಟಿಂಗ್ ಅನ್ನು ಜೆಪೆಗ್‌ನಿಂದ ರಾಗೆ ಬದಲಿಸಿ ನೋಡುವುದೇ ಸರಿ.

ರಾ ಫೈಲ್ ಭಾರ, ತಿದ್ದಲು ಸಮಯ ಬೇಕು ಎಂಬ ಆಕ್ಷೇಪ ನಿಜವೇ. ರಾಯಿಟರ್ಸ್ ಸುದ್ದಿಸಂಸ್ಥೆ 2015ರಲ್ಲಿ ತನ್ನ ಫ್ರೀಲಾನ್ಸ್ ಛಾಯಾಗ್ರಾಹಕರಿಗೆ, ಜೆಪೆಗ್‌ನಲ್ಲೇ ತೆಗೆದ ಚಿತ್ರಗಳನ್ನಷ್ಟೇ ಕಳುಹಿಸಿ ಎಂದಿತ್ತು. ವೇಗವೂ ನೈಜತೆಯೂ ಮುಖ್ಯವಾದ ಸುದ್ದಿಗೆ ಅದು ಒಪ್ಪುವ ಮಾತು. ಮತ್ತೆ ಸಿಗದ ಧಾರೆಯ ಗಳಿಗೆಗೆ ಅದೇ ಅಳತೆಗೋಲು ಸಲ್ಲದು. ಬೆಳಕು ಮಿತಿಮೀರಿ ಪೂರ್ತಿ ಸುಟ್ಟ ಬಿಳಿಯನ್ನು ರಾ ಕೂಡ ಮರಳಿಸದು, ನಿಜ. ಆದರೆ ರಾನಲ್ಲಿ ತೆಗೆಯುವಾಗಲೂ ಕ್ಯಾಮೆರಾದ ಹಿಂಬದಿ ಪರದೆ ತೋರಿಸುವುದು ಜೆಪೆಗ್ ಅನ್ನೇ. ಅಲ್ಲಿ ಸುಟ್ಟಂತೆ ಕಂಡದ್ದು ಫೈಲಿನಲ್ಲಿ ಉಳಿದಿರಬಹುದು.